ಬೇಲಿಯ ಲಕ್ಕಿ, ಮನೆಯ ಕಾವಲು

ಅಕ್ಕ ಬಾಣಂತನಕ್ಕೆ ತವರಿಗೆ ಬಂದಿದ್ದ ಆ ಮಳೆಗಾಲದಲ್ಲಿ ನಮ್ಮ ಬಚ್ಚಲೊಲೆ ಆರಿದ್ದೇ ಇಲ್ಲ. ಬೆಳಗಾಗುತ್ತಲೇ ಅಜ್ಜಿ ಗೊರಬು ಹೊದ್ದು, ಕತ್ತಿ ಹಿಡಿದು ತೋಟದ ಬೇಲಿಗೆ ಹೋಗುವಳು. ಬರುವಾಗ ಕಂಕುಳಲ್ಲಿ ಒಂದು ಹೊರೆ ಲಕ್ಕಿಸೊಪ್ಪು. ಮಳೆನೀರು ಕೊಡವಿ, ಗೆಲ್ಲುಗಳನ್ನು ಮೊಣಕಾಲಿಗೆ ಒತ್ತಿ ಲಟಲಟನೆ ಮುರಿದು, ತಾಮ್ರದ ಹಂಡೆಗೆ ತುರುಕಿ ಮುಚ್ಚಳ ಹಾಕುವಳು. ನೀರು ಕುದಿ ಬರುವ ಹೊತ್ತಿಗೆ ಆ ಘಮ ಬಚ್ಚಲಿನಿಂದ ಹೊರಟು, ಅಡುಗೆಮನೆ ದಾಟಿ ಜಗುಲಿಗೂ ಬರುತ್ತಿತ್ತು. ಸ್ವಲ್ಪ ಕರ್ಪೂರ, ಸ್ವಲ್ಪ ಕಾಳುಮೆಣಸು, ಸ್ವಲ್ಪ ಒಣಹುಲ್ಲು ಕಲೆಸಿದಂಥ, ಮೂಗಿನ ಹೊಳ್ಳೆ ಬಿಚ್ಚಿಸುವ ಖಾರದ ವಾಸನೆ ಅದು.

“ದಿನಾ ಇದನ್ನೇ ಯಾಕಜ್ಜಿ ಹಾಕ್ತೀಯ?” ಎಂದು ಕೇಳಿದ್ದೆ.

“ಹಸಿ ಮೈ ಮಗಾ. ಥಂಡಿ ಹೊಕ್ಕರೆ ಮುಪ್ಪಿನತನಕ ಬಿಡೋದಿಲ್ಲ. ಲಕ್ಕಿ ನೀರು ಬಿದ್ದರೆ ಗಂಟುಗಂಟಿನ ನೋವೂ ಇಳೀತದೆ” ಎಂದಿದ್ದಳು.

ಈಗ ಆ ಬೇಲಿಯ ಜಾಗದಲ್ಲಿ ಕಲ್ಲುಕಂಬಗಳು ನಿಂತಿವೆ, ನಡುವೆ ಮುಳ್ಳುತಂತಿ ಓಡಿದೆ. ಮೊನ್ನೆ ಬೆಂಗಳೂರಿನಿಂದ ತಂಗಿ ಫೋನ್ ಮಾಡಿದ್ದಳು. “ಅಣ್ಣಾ, ಲಕ್ಕಿಸೊಪ್ಪು ಅಂದ್ರೆ ನಿಜವಾಗಿ ಯಾವುದು? ಮೊಬೈಲಿನಲ್ಲಿ ಹುಡುಕಿದರೆ ಮೂರು ಥರದ ಎಲೆ ತೋರಿಸ್ತದೆ. ಅತ್ತೆಗೆ ಮೊಣಕಾಲು ನೋವು, ಕಟ್ಟಿದರೆ ಆಗ್ತದಾ?” ಅವಳ ಅತ್ತೆಯಂಥ ಮೊಣಕಾಲುಗಳು, ಅವಳಂಥ ಗೊಂದಲಗಳು ಮನೆಮನೆಯಲ್ಲೂ ಇರುವುದರಿಂದ ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಗುರುತು

ಲಕ್ಕಿ ಯಾರೂ ನೀರೆರೆಯದೆ ಬೆಳೆಯುವ ಪೊದೆ. ಹೊಳೆದಂಡೆ, ಹಳ್ಳದ ಬದಿ, ರಸ್ತೆಯಂಚು, ಪಾಳುನೆಲ, ಬೇಲಿಸಾಲು ಇವೆಲ್ಲ ಅದರ ತಾಣ. ಸಾಮಾನ್ಯವಾಗಿ ಆಳೆತ್ತರದಿಂದ ಎರಡಾಳೆತ್ತರ. ಕಡಿಯದೆ ಬಿಟ್ಟರೆ ಸಣ್ಣ ಮರವೇ ಆಗುತ್ತದೆ. ಎಳೆಯ ಕಡ್ಡಿಯೊಂದನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ. ನುಣ್ಣಗೆ ಹೊರಳದೆ ನಾಲ್ಕು ಮೂಲೆಗಳು ಬೆರಳಿಗೆ ತಗಲುತ್ತವೆ. ತುಳಸಿಯ ಎಳೆಗಡ್ಡಿಯೂ ಹೀಗೇ ಚೌಕ. ಹಿಂದೆ ಲಂಟಾನದ ಕುಟುಂಬಕ್ಕೆ ಸೇರಿಸಿದ್ದ ಲಕ್ಕಿಯನ್ನು ಸಸ್ಯವಿಜ್ಞಾನಿಗಳು ಈಗ ತುಳಸಿಯ ಕುಟುಂಬವಾದ ಲ್ಯಾಮಿಯೇಸಿಯೆಗೇ ಸೇರಿಸಿದ್ದಾರೆ.

ಎಲೆಯದು ಇನ್ನೂ ಸ್ಪಷ್ಟ ಗುರುತು. ಒಂದೇ ತೊಟ್ಟಿನ ತುದಿಯಿಂದ ಅಂಗೈಯ ಬೆರಳುಗಳಂತೆ ಐದು ಕಿರುಎಲೆಗಳು ಹೊರಡುತ್ತವೆ, ಕೆಲವು ಕಡೆ ಮೂರೇ ಇರುತ್ತವೆ. ನಡುವಿನದು ಎಲ್ಲಕ್ಕಿಂತ ಉದ್ದ, ಅಂಚಿನವೆರಡು ಪುಟಾಣಿ. ಮೇಲ್ಮೈ ಹಸಿರು. ಎಲೆ ಮಗುಚಿದರೆ ವಿಭೂತಿ ಸವರಿದಂಥ ಬಿಳುಪು. ಸೂಕ್ಷ್ಮವಾದ ರೋಮಗಳ ಹೊದಿಕೆ ಅದು. ಗಾಳಿ ಬೀಸಿದಾಗ ಪೊದೆಯಿಡೀ ಒಮ್ಮೆ ಬೆಳ್ಳಗೆ ಮಿಂಚಿ ಮತ್ತೆ ಹಸಿರಾಗುತ್ತದೆ. ಪರಿಚಯವಿಲ್ಲದ ಕಣ್ಣಿಗೆ ಈ ಐದೆಲೆ ಗಾಂಜಾ ಎಲೆಯಂತೆಯೂ ತೋರಬಹುದು. ಚೀನಾದ ಒಂದು ಬಗೆಯ ಲಕ್ಕಿಗೆ ಸಸ್ಯವಿಜ್ಞಾನಿಗಳು ‘ಗಾಂಜಾ ಎಲೆಯಂಥದ್ದು’ ಎಂಬ ಅರ್ಥ ಬರುವ ಹೆಸರನ್ನೇ ಇಟ್ಟಿದ್ದಾರೆ.

ಗೆಲ್ಲಿನ ತುದಿಯಲ್ಲಿ ಗೇಣುದ್ದದ ಹೂಗೊಂಚಲು. ಒಂದೊಂದು ಹೂವೂ ಅಕ್ಕಿಕಾಳಿಗಿಂತ ತುಸು ದೊಡ್ಡದು, ನಸುನೇರಳೆ ಬಣ್ಣದ್ದು. ಐದು ಎಸಳಲ್ಲಿ ಕೆಳಗಿನದೊಂದು ತುಟಿಯಂತೆ ಮುಂಚಾಚಿರುತ್ತದೆ. ಜೇನ್ನೊಣಗಳು ಬಂದು ಕೂರುವುದು ಅಲ್ಲೇ. ಹೂ ಉದುರಿದ ಮೇಲೆ ಮೆಣಸಿನ ಕಾಳಿನಷ್ಟೇ ದಪ್ಪದ ಕಾಯಿ ಕಟ್ಟಿ, ಬಲಿತಾಗ ಕಪ್ಪಾಗುತ್ತದೆ.

ಇಷ್ಟು ನೋಡಿದರೂ ಅನುಮಾನ ಉಳಿದರೆ ಒಂದೆಲೆ ಕಿತ್ತು ಅಂಗೈಯಲ್ಲಿ ತಿಕ್ಕಿ ಮೂಸಿ. ಒಮ್ಮೆ ತಿಳಿದ ಮೂಗು ಈ ವಾಸನೆಯನ್ನು ಜನ್ಮದಲ್ಲಿ ಮರೆಯುವುದಿಲ್ಲ.

ತಂಗಿಯ ಮೊಬೈಲಿನ ಉಳಿದೆರಡು ಎಲೆಗಳು ಯಾವುವೋ ನಾನು ನೋಡಿಲ್ಲ. ಆದರೆ ಸಾಮಾನ್ಯವಾಗಿ ಗೊಂದಲ ಮಾಡುವುದು ಎರಡು ಗಿಡಗಳು. ಒಂದು ನೀರುಲಕ್ಕಿ. ಇದು ಲಕ್ಕಿಯ ಖಾಸಾ ಬಂಧು, ಮೂರೆಲೆಯದ್ದು. ಇನ್ನೊಂದು ಕರಿನೆಕ್ಕಿ ಅಥವಾ ಕರಿಲಕ್ಕಿ. ಹೆಸರಲ್ಲಿ ಲಕ್ಕಿ ಇದ್ದರೂ ಇದು ಆಡುಸೋಗೆಯ ಕುಟುಂಬದ ಬೇರೆಯೇ ಗಿಡ. ಕಾಂಡ ಕಪ್ಪುನೇರಳೆ, ಎಲೆ ಒಂಟಿ, ನೀಳ. ಲಕ್ಕಿಯ ಐದೆಲೆ ಇದಕ್ಕಿಲ್ಲ. ಕರಿನೆಕ್ಕಿಯಿಂದ ಬೇರ್ಪಡಿಸಲೆಂದೇ ನಮ್ಮವರು ಲಕ್ಕಿಯನ್ನು ‘ಬಿಳಿನೆಕ್ಕಿ’ ಎಂದು ಕರೆಯುತ್ತಾರೆ. ಗಡಿ ದಾಟಿ ಕೇರಳಕ್ಕೆ ಹೋದರೆ ಇನ್ನೊಂದು ತೊಡಕು. ಅಲ್ಲಿ ‘ಕರಿನೊಚ್ಚಿ’ ಎಂದರೆ ನಮ್ಮ ಬಿಳಿನೆಕ್ಕಿಯೇ! ಆದ್ದರಿಂದ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಕೊಳ್ಳುವವರು ಬರೀ ಊರಹೆಸರನ್ನು ನಂಬಬಾರದು. ವೈಟೆಕ್ಸ್ ನೆಗುಂಡೊ ಎಂಬ ಸಸ್ಯಶಾಸ್ತ್ರೀಯ ಹೆಸರು ಪೊಟ್ಟಣದ ಮೇಲಿದೆಯೇ ಎಂದು ನೋಡಬೇಕು.

ಹೆಸರಿನೊಳಗೆ ಕಾವಲು

ಕನ್ನಡದ ಲಕ್ಕಿ, ನೆಕ್ಕಿ, ತಮಿಳು ಮಲೆಯಾಳದ ನೊಚ್ಚಿ ಸೋದರ ಪದಗಳು. ತೆಲುಗರಿಗೆ ಇದು ವಾವಿಲಿ, ಹಿಂದಿಯವರಿಗೆ ಸಂಭಾಲು. ಸಂಸ್ಕೃತದಲ್ಲಿ ನಿರ್ಗುಂಡಿ, ಸಿಂಧುವಾರ ಎಂಬ ಹೆಸರುಗಳಿವೆ. ದೇಹವನ್ನು ರೋಗಗಳಿಂದ ಕಾಯುವುದು ಎಂಬುದು ನಿರ್ಗುಂಡಿ ಪದಕ್ಕೆ ವೈದ್ಯರು ಹೇಳುವ ನಿರುಕ್ತಿ. ಕಾಳಿದಾಸನ ಕುಮಾರಸಂಭವದಲ್ಲಿ ಪಾರ್ವತಿ ವಸಂತದ ಹೂಗಳನ್ನೇ ಒಡವೆಯಾಗಿ ತೊಟ್ಟು ಬರುವಾಗ ಮುತ್ತಿನ ಸರದ ಜಾಗದಲ್ಲಿರುವುದು ಸಿಂಧುವಾರದ ಹೂ. ಪ್ರಾಚೀನ ತಮಿಳು ಕಾವ್ಯಪರಂಪರೆಯಲ್ಲಿ ಕೋಟೆಯನ್ನು ಒಳಗಿನಿಂದ ಕಾಯುವ ವೀರರು ನೊಚ್ಚಿ ಹೂವಿನ ಮಾಲೆ ಮುಡಿಯುತ್ತಾರೆ. ಹಾಗೆ ಕಾಯುವ ಪ್ರಸಂಗಕ್ಕೇ ‘ನೊಚ್ಚಿ’ ಎಂಬ ಹೆಸರು ನಿಂತಿತು.

ಈ ಗಿಡದ ಬಗ್ಗೆ ಬರೆದ ಮೊದಲ ಯುರೋಪಿಯನ್ನರಲ್ಲಿ ಗೋವಾದಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ ಒಬ್ಬ. 1563ರಲ್ಲಿ ಗೋವಾದಲ್ಲೇ ಅಚ್ಚಾದ ಅವನ ಪುಸ್ತಕದಲ್ಲಿ ‘ನೆಗುಂಡೊ’ ಬರುತ್ತದೆ. ಲಿನೇಯಸ್ 1753ರಲ್ಲಿ ಗಿಡಗಳಿಗೆ ಜೋಡಿಹೆಸರು ಕೊಡುವಾಗ ಇದನ್ನು ವೈಟೆಕ್ಸ್ ನೆಗುಂಡೊ ಎಂದ. ನಮ್ಮ ನಿರ್ಗುಂಡಿಯೇ ನೆಗುಂಡೊ ಆಗಿರುವುದು. ವೈಟೆಕ್ಸ್ ಎಂಬುದು ನೇಯುವುದು, ಹೆಣೆಯುವುದು ಎಂಬ ಲ್ಯಾಟಿನ್ ಧಾತುವಿನಿಂದ ಬಂದದ್ದು. ಈ ಕುಲದ ಗಿಡಗಳ ಬಳುಕುವ ಕಡ್ಡಿಗಳಲ್ಲಿ ಬುಟ್ಟಿ ಹೆಣೆಯುತ್ತಿದ್ದರಲ್ಲ, ಅದಕ್ಕೆ. ಉತ್ತರ ಅಮೆರಿಕದ ಒಂದು ಮೇಪಲ್ ಮರದ ಎಲೆ ಲಕ್ಕಿಯನ್ನು ಹೋಲುತ್ತದೆಂದು ಅದಕ್ಕೂ ನೆಗುಂಡೊ ಎಂದೇ ಹೆಸರಿಟ್ಟರು. ನಮ್ಮ ಹಳ್ಳದ ಬದಿಯ ಗಿಡವೊಂದು ಸಾಗರದಾಚೆಯ ಮರಕ್ಕೆ ಹೆಸರು ಕೊಟ್ಟಿದೆ.

ಆ ಘಮ ಯಾಕೆ?

ಗಿಡ ನಮಗಾಗಿ ಘಮಘಮಿಸುವುದಿಲ್ಲ. ಕಾಲಿಲ್ಲದ ಅದು ತಿನ್ನಲು ಬಂದ ಹುಳದಿಂದ ಓಡಿಹೋಗಲಾರದು, ದನ ಬಂದರೆ ಹಾಯಲಾರದು. ಆದ್ದರಿಂದ ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಲ್ಲಿ ಎಣ್ಣೆ ತುಂಬಿಟ್ಟುಕೊಂಡಿದೆ. ಎಲೆ ಜಜ್ಜಿದೊಡನೆ ಗ್ರಂಥಿ ಒಡೆಯುತ್ತದೆ, ಎಣ್ಣೆ ಆವಿಯಾಗಿ ಗಾಳಿಗೆ ಸೇರುತ್ತದೆ. ಕಹಿಯೂ ಖಾರವೂ ಆದ ಈ ಸೊಪ್ಪಿಗೆ ದನ, ಆಡುಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ.

ಈ ಎಣ್ಣೆಯಲ್ಲಿ ಹತ್ತಾರು ರಾಸಾಯನಿಕಗಳಿವೆ. ಅವುಗಳಲ್ಲಿ ಕ್ಯಾರಿಯೋಫಿಲೀನ್ ಒಂದು. ಕಾಳುಮೆಣಸು, ಲವಂಗಗಳಲ್ಲಿ ಇರುವುದೂ ಅದೇ. ಸಿನಿಯೋಲ್ ಇನ್ನೊಂದು. ನೀಲಗಿರಿ ಎಣ್ಣೆಯ ಮುಖ್ಯ ಅಂಶ ಅದು. ಸ್ಯಾಬಿನೀನ್, ವಿರಿಡಿಫ್ಲೋರಾಲ್ ಮೊದಲಾದವೂ ಉಂಟು. ಊರು, ಮಣ್ಣು, ಋತು ಬದಲಾದಂತೆ ಇವುಗಳ ಪ್ರಮಾಣ ಏರಿಳಿಯುತ್ತದೆ. ಹಂಡೆಯಿಂದೆದ್ದ ವಾಸನೆಯಲ್ಲಿ ನನಗೆ ಬಾಲ್ಯದಲ್ಲಿ ಮೆಣಸು ನೆನಪಾಗುತ್ತಿದ್ದುದಕ್ಕೆ ಕಾರಣ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಈ ಪಟ್ಟಿ ಓದಿದಾಗ.

ಎಣ್ಣೆಯ ಜೊತೆಗೆ ಎಲೆಯಲ್ಲಿ ಇನ್ನೊಂದು ಬಗೆಯ ಸಾರವಿದೆ. ಅದು ಆವಿಯಾಗುವುದಿಲ್ಲ, ಬರೀ ಕಹಿ. ಕ್ಯಾಸ್ಟಿಸಿನ್‌ನಂಥ ಫ್ಲೇವನಾಯ್ಡ್‌ಗಳು, ಆಗ್ನುಸೈಡ್, ನೆಗುಂಡೊಸೈಡ್‌ಗಳು ಈ ಬಗೆಯವು. ಬಳಸುವವರಿಗೆ ಈ ವ್ಯತ್ಯಾಸ ತಿಳಿದಿದ್ದರೆ ಒಳ್ಳೆಯದು. ಉಗಿ, ಹೊಗೆ, ಒಣಎಲೆಯ ದಿಂಬುಗಳಲ್ಲಿ ಕೆಲಸ ಮಾಡುವುದು ಎಣ್ಣೆ. ಕಷಾಯದಲ್ಲಿ ಇಳಿಯುವುದು ಹೆಚ್ಚಾಗಿ ಕಹಿಸಾರ. ಉಗಿಗೆಂದು ಹಾಕಿದ ಸೊಪ್ಪನ್ನು ಮುಚ್ಚಳವಿಲ್ಲದೆ ಅರ್ಧ ಗಂಟೆ ಕುದಿಸಿದರೆ ಎಣ್ಣೆಯೆಲ್ಲ ಅಡುಗೆಮನೆಯ ಗಾಳಿಗೆ ಹೋಗಿರುತ್ತದೆ. ಅಜ್ಜಿ ಹಂಡೆಗೆ ಮುಚ್ಚಳ ಹಾಕುತ್ತಿದ್ದುದು, ಸೊಪ್ಪನ್ನು ನೆರಳಲ್ಲೇ ಒಣಗಿಸುತ್ತಿದ್ದುದು ಇದಕ್ಕೇ. ರಸಾಯನಶಾಸ್ತ್ರದ ಹೆಸರು ಅವಳಿಗೆ ಗೊತ್ತಿರಲಿಲ್ಲ, ಮೂಗು ಎಲ್ಲವನ್ನೂ ಹೇಳಿಕೊಟ್ಟಿತ್ತು.

ಹಂಡೆ, ಹೆಂಚು, ಬಾಣಲೆ

ಮನೆಬಳಕೆಯಲ್ಲಿ ಲಕ್ಕಿ ಹೆಚ್ಚಾಗಿ ಮೈಗೆ ಹೊರಗಿನಿಂದ ಕೊಡುವ ಮದ್ದು. ದಾರಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಸ್ನಾನ. ಎರಡು ಹಿಡಿ ಸೊಪ್ಪನ್ನು ಕಡ್ಡಿಸಮೇತ ನೀರಿಗೆ ಹಾಕಿ, ಮುಚ್ಚಿ ಹತ್ತು ನಿಮಿಷ ಕುದಿಸಿ, ಮೈ ತಾಳುವಷ್ಟು ತಣ್ಣೀರು ಬೆರೆಸಿ ಎರೆದುಕೊಳ್ಳುವುದು. ದುಡಿದು ದಣಿದ ಮೈಗೆ, ಮಳೆಯಲ್ಲಿ ನೆನೆದು ಬಂದವರಿಗೆ ಇದರ ಹಿತ ಹೇಳಿ ಮುಗಿಯದು. ಬಿಸಿನೀರಿನ ಶಾಖದ್ದು ಅದರಲ್ಲಿ ಅರ್ಧ ಪಾಲು ಎಂಬುದನ್ನೂ ಒಪ್ಪಬೇಕು. ಶಸ್ತ್ರಚಿಕಿತ್ಸೆಯ ಹೆರಿಗೆಯಾಗಿದ್ದರೆ ಹೊಲಿಗೆ ಒಣಗುವ ತನಕ ಏನು ಮಾಡಬೇಕೆಂದು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಎರಡನೆಯದು ಉಗಿ. ಮೂಗು ಕಟ್ಟಿ ತಲೆ ಭಾರವಾದಾಗ ಒಂದು ಲೀಟರು ನೀರು ಕುದಿಸಿ, ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ, ಗಟ್ಟಿ ನೆಲದ ಮೇಲಿಟ್ಟು, ಆಮೇಲೆ ಹಿಡಿ ಸೊಪ್ಪನ್ನು ಕೈಯಲ್ಲಿ ಹಿಸುಕಿ ಹಾಕಬೇಕು. ಕಂಬಳಿ ಮುಸುಕಿ ಐದು ನಿಮಿಷ ಉಸಿರೆಳೆದರೆ ಮೂಗು ಬಿಡುತ್ತದೆ. ಮುಖವನ್ನು ಪಾತ್ರೆಯಿಂದ ಮೊಳ ದೂರ ಇಡಬೇಕು. ಚಿಕ್ಕ ಮಕ್ಕಳನ್ನು ಮಾತ್ರ ಕಂಬಳಿಯೊಳಗೆ ಕೂರಿಸಬೇಡಿ. ಕುದಿನೀರಿನ ಪಾತ್ರೆ ಮಗುಚಿ ಸುಟ್ಟುಕೊಂಡ ಮಕ್ಕಳ ಗೋಳು ನೆಗಡಿಗಿಂತ ದೊಡ್ಡದು. ನೆರಳಲ್ಲಿ ಒಣಗಿಸಿದ ಎಲೆಯನ್ನು ಬಟ್ಟೆಚೀಲಕ್ಕೆ ತುಂಬಿ ದಿಂಬಿನ ಪಕ್ಕ ಇಟ್ಟುಕೊಳ್ಳುವುದು ಇದೇ ಉಪಾಯದ ಮೆಲುದಾರಿ. ತಲೆನೋವು, ನೆಗಡಿಗೆ ಲಕ್ಕಿದಿಂಬು ಹಳೆಯ ಕಾಲದ ರೂಢಿ.

ಮೂರನೆಯದು ಶಾಖ. ತಂಗಿಯ ಅತ್ತೆಗೆ ನಾನು ಹೇಳಿದ್ದು ಇದನ್ನೇ. ಹೆಂಚಿನ ಮೇಲೆ ಒಂದು ಚಮಚ ಹರಳೆಣ್ಣೆ ಸವರಿ, ಅದರ ಮೇಲೆ ಎಲೆಗಳನ್ನು ಹರಡಿ ಬಾಡಿಸಬೇಕು. ಎಲೆ ಮೆತ್ತಗಾಗಿ ಬಣ್ಣ ಕಂದುತ್ತಲೇ ತೆಗೆದು, ಮೊದಲು ಮುಂಗೈಯ ಒಳಬದಿಗೆ ಇಟ್ಟು ಬಿಸಿ ನೋಡಿ, ಆಮೇಲೆ ಮೊಣಕಾಲಿಗೆ ಹಾಸಿ ಹಳೆಯ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಬೇಕು. ಅರ್ಧ ಗಂಟೆ ಸಾಕು. ಮಧುಮೇಹದಿಂದ ಕಾಲು ಜೋಮು ಹಿಡಿದವರಿಗೆ ಬಿಸಿ ಗೊತ್ತಾಗದೆ ಸುಟ್ಟುಹೋಗಬಹುದು, ಅವರಿಗೆ ಬೇರೆಯವರು ಮುಟ್ಟಿ ನೋಡಿ ಕಟ್ಟಬೇಕು. ಗಾಯ, ಕಜ್ಜಿ ಇರುವ ಚರ್ಮಕ್ಕೆ ಬೇಡ.

ನಾಲ್ಕನೆಯದು ಎಣ್ಣೆ. ನಿರ್ಗುಂಡಿ ತೈಲಕ್ಕೆ ಎಳ್ಳೆಣ್ಣೆ ಒಂದು ಪಾಲಾದರೆ ಸೊಪ್ಪಿನ ರಸ ನಾಲ್ಕು ಪಾಲು, ಅರೆದ ಎಲೆ ಕಾಲು ಪಾಲು. ಆಯುರ್ವೇದದಲ್ಲಿ ತೈಲ ಕಾಯಿಸುವ ಸಾಮಾನ್ಯ ಲೆಕ್ಕವೇ ಇದು. ಸಣ್ಣ ಉರಿಯಲ್ಲಿ ನೀರಿನಂಶ ಇಂಗುವವರೆಗೂ ಕೈಬಿಡದೆ ಕೆದಕಬೇಕು. ಎಣ್ಣೆ ಹದಕ್ಕೆ ಬಂತೋ ಇಲ್ಲವೋ ಎಂದು ನೋಡುವ ಬಗೆ ಚಂದ. ಬಾಣಲೆಯ ತಳದ ಕಲ್ಕವನ್ನು, ಅಂದರೆ ಅರೆದು ಹಾಕಿದ ಎಲೆಯನ್ನು, ಚಿಟಿಕೆಯಷ್ಟು ತೆಗೆದು ಬೆರಳಲ್ಲಿ ಬತ್ತಿಯಂತೆ ಹೊಸೆದು ಬೆಂಕಿಗೆ ಹಿಡಿಯುವುದು. ಚಟಪಟ ಎಂದರೆ ನೀರು ಇನ್ನೂ ಇದೆ ಎಂದರ್ಥ. ಸದ್ದಿಲ್ಲದೆ ಉರಿದರೆ ಪಾಕ ಆಯಿತು. ನೀರು ಉಳಿದ ಎಣ್ಣೆ ಬೇಗ ಕೆಟ್ಟು ಕಮಟು ಹೊಡೆಯುತ್ತದೆ.

ಗ್ರಂಥ ಏನು ಹೇಳುತ್ತದೆ, ಪರೀಕ್ಷೆ ಏನು ಹೇಳುತ್ತದೆ

ಚರಕ ಸಂಹಿತೆಯಲ್ಲಿ ಮೂಲಿಕೆಗಳನ್ನು ಅವು ಮಾಡುವ ಕೆಲಸದ ಮೇಲೆ ಹತ್ತು ಹತ್ತರಂತೆ ಐವತ್ತು ಗುಂಪು ಮಾಡಿದ್ದಾರೆ. ಕ್ರಿಮಿಗಳನ್ನು ಕೊಲ್ಲುವ ಗುಂಪಿನಲ್ಲಿ ನಿರ್ಗುಂಡಿ ಇದೆ, ವಿಷ ಕಳೆಯುವ ಗುಂಪಿನಲ್ಲಿ ಸಿಂಧುವಾರ ಇದೆ. ಸುಶ್ರುತ ಇದನ್ನು ಸುರಸಾದಿ ಗಣದಲ್ಲಿ ಸೇರಿಸಿದ್ದಾನೆ. ಸುರಸಾ ಎಂದರೆ ತುಳಸಿ. ಕಫ, ನೆಗಡಿ, ಕೆಮ್ಮು, ಉಬ್ಬಸಕ್ಕೆ ಬರುವ ಗಣ ಅದು. ಎಲೆ ಮೂಸಿ, ರುಚಿ ನೋಡಿ, ರೋಗಿಯನ್ನು ಗಮನಿಸಿ ಸುಶ್ರುತ ತುಳಸಿಯ ಪಕ್ಕ ಕೂರಿಸಿದ ಗಿಡವನ್ನು ಇಂದಿನ ಸಸ್ಯವಿಜ್ಞಾನವೂ ತುಳಸಿಯ ಕುಟುಂಬದಲ್ಲೇ ಇಟ್ಟಿದೆ. ಕಟು, ತಿಕ್ತ ರಸ, ಉಷ್ಣ ವೀರ್ಯ, ವಾತಕಫಹರ ಎಂಬುದು ಇದರ ಆಯುರ್ವೇದ ಜಾತಕ. ವಾತ ಕೆರಳಿದರೆ ಕೀಲುನೋವು, ಕಫ ಕೆರಳಿದರೆ ನೆಗಡಿ ಕೆಮ್ಮು. ಅಜ್ಜಿಯ ಹಂಡೆಯೂ ಉಗಿಪಾತ್ರೆಯೂ ಇದೇ ಎರಡರ ಸುತ್ತ ಇದ್ದವು.

ಪ್ರಯೋಗಾಲಯಗಳಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಎಲೆಯ ಸಾರ ಬಾವು ಇಳಿಸಿದ್ದು, ನೋವು ತಗ್ಗಿಸಿದ್ದು ಕಂಡಿದೆ. ಇಲಿಯ ಪಾದದ ಬಾವು ಇಳಿದ ಮಾತ್ರಕ್ಕೆ ಮನುಷ್ಯನ ಸಂಧಿವಾತ ವಾಸಿಯಾಗುತ್ತದೆಂದು ಹೇಳಲಾಗದು. ಆ ನಡುವಿನ ದಾರಿಯನ್ನು ತಾಳ್ಮೆಯಿಂದ ನಡೆದ ದೇಶವೊಂದಿದೆ, ಫಿಲಿಪೀನ್ಸ್.

ಅಲ್ಲಿ ಈ ಗಿಡಕ್ಕೆ ‘ಲಗುಂಡಿ’ ಎನ್ನುತ್ತಾರೆ. ಹಳ್ಳಿಗರು ಕೆಮ್ಮಿಗೆ ಎಲೆ ಕುದಿಸಿ ಕುಡಿಯುವುದು ರೂಢಿ. 1974ರಲ್ಲಿ ಅಲ್ಲಿನ ವಿಜ್ಞಾನಿಗಳು, ವೈದ್ಯರು ಸೇರಿ ಔಷಧಿ ಸಸ್ಯಗಳ ರಾಷ್ಟ್ರೀಯ ಸಂಶೋಧನಾ ಕಾರ್ಯಕ್ರಮ ಶುರುಮಾಡಿದರು. ಜನ ಹೇಳುವ ಗುಣಗಳನ್ನು ಒಂದೊಂದಾಗಿ ಪರೀಕ್ಷೆಗೆ ಹಚ್ಚಿದರು. ಸುರಕ್ಷಿತವೇ ಎಂದು ಮೊದಲು ನೋಡಿ, ಆಮೇಲೆ ರೋಗಿಗಳಲ್ಲಿ ಪರಿಣಾಮ ಅಳೆದರು. ಲಗುಂಡಿ ಕೆಮ್ಮಿಗೂ ಉಬ್ಬಸದ ಉಪಶಮನಕ್ಕೂ ಅಲ್ಲಿನ ಆರೋಗ್ಯ ಇಲಾಖೆ ಒಪ್ಪಿದ ಹತ್ತು ಗಿಡಗಳ ಪಟ್ಟಿಗೆ ಬಂತು. ಈಗ ಅಲ್ಲಿನ ಔಷಧದಂಗಡಿಯಲ್ಲಿ ಲಗುಂಡಿ ಮಾತ್ರೆ, ಸಿರಪ್ ಸಿಗುತ್ತವೆ. ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಎಲೆಯಿದೆ ಎಂಬುದು ಚೀಟಿಯ ಮೇಲೆಯೇ ಇರುತ್ತದೆ. 1997ರಲ್ಲಿ ಸಾಂಪ್ರದಾಯಿಕ ಔಷಧಗಳಿಗೆಂದೇ ಕಾನೂನನ್ನೂ ಮಾಡಿಕೊಂಡರು. ಎಲೆ ನಮ್ಮ ಬೇಲಿಯದ್ದೇ. ಅವರು ಅದಕ್ಕೆ ಕೊಟ್ಟದ್ದು ಅಳತೆ, ಪರೀಕ್ಷೆ ಮತ್ತು ಗೌರವ. ಸಾವಿರಾರು ವರ್ಷದ ವೈದ್ಯಗ್ರಂಥ ನಮ್ಮ ಬಳಿ ಇದೆ, ಹಿತ್ತಿಲಲ್ಲಿ ಗಿಡವೂ ಇದೆ. ಅಂಥ ಶ್ರದ್ಧೆ ನಮ್ಮಲ್ಲಿಯೂ ಒಂದೊಂದು ಗಿಡದ ಮೇಲೆ ಇಷ್ಟು ಕಾಲ ನಿಲ್ಲಬೇಕು ಎಂಬುದು ನನ್ನ ಆಸೆ.

ಕಾವಲಿನ ಗಡಿ

ಕಾವಲಿಗೂ ಒಂದು ಗಡಿ ಇರುತ್ತದೆ. ಲಕ್ಕಿಯನ್ನು ಪ್ರೀತಿಸುವವರೇ ಆ ಗಡಿಯನ್ನು ಗಟ್ಟಿಯಾಗಿ ಹೇಳಬೇಕು.

ಹೊಟ್ಟೆಗೆ ತೆಗೆದುಕೊಳ್ಳುವ ಕಷಾಯ, ಚೂರ್ಣಗಳನ್ನು ಆಯುರ್ವೇದ ವೈದ್ಯರ ಮಾತಿಲ್ಲದೆ ಶುರು ಮಾಡಬೇಡಿ. ಗರ್ಭಿಣಿಯರಿಗಂತೂ ಬೇಡವೇ ಬೇಡ. ಇದರ ಯುರೋಪಿನ ದಾಯಾದಿ ಗಿಡವೊಂದನ್ನು ಹೆಂಗಸರ ಮುಟ್ಟಿನ ತೊಂದರೆಗಳಿಗೆ ಬಳಸುತ್ತಾರೆ. ಹಾರ್ಮೋನುಗಳ ಮೇಲೆ ಕೆಲಸ ಮಾಡುವ ಕುಲ ಇದು ಎಂಬ ಎಚ್ಚರ ಇರಬೇಕು.

ಕೆಮ್ಮು ಎರಡು ವಾರ ದಾಟಿದರೆ ಉಗಿಪಾತ್ರೆ ಬದಿಗಿಟ್ಟು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಅದು ಕ್ಷಯ ಆಗಿರಬಹುದು, ಪರೀಕ್ಷೆಯೂ ಔಷಧವೂ ಅಲ್ಲಿ ಉಚಿತ. ಕೀಲುಗಳು ಬೆಳಗ್ಗೆ ಎದ್ದಾಗ ಬಿಗಿದು, ಊದಿ, ವಾರಗಟ್ಟಲೆ ಹಾಗೇ ಇದ್ದರೆ ಅದು ಬರೀ ವಯಸ್ಸಿನ ನೋವಲ್ಲ. ಸಂಧಿವಾತಕ್ಕೆ ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಸಿಕ್ಕರೆ ಕೀಲು ಉಳಿಯುತ್ತದೆ. ಎಲೆ ಕಟ್ಟುತ್ತಾ ಕೂತರೆ ಆ ಕಾಲ ಕೈತಪ್ಪುತ್ತದೆ.

ಇನ್ನು ಹಾವಿನ ವಿಷ. ಲಕ್ಕಿಬೇರು ವಿಷ ಇಳಿಸುತ್ತದೆ ಎಂಬ ನಂಬಿಕೆ ಅಲ್ಲಲ್ಲಿ ಇದೆ. ಹಾವು ಕಚ್ಚಿದಾಗ ಬೇರು ಅರೆಯಲು ಕೂರುವ ಒಂದೊಂದು ನಿಮಿಷವೂ ಪ್ರಾಣದ ಬೆಲೆಯದ್ದು. ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರ ಹೋಗಬೇಕು, ಬೇರೆ ಮಾತಿಲ್ಲ.

ಕಣಜ, ಕೋಳಿಗೂಡು, ಗದ್ದೆ

ಔಷಧಿಯ ಮಾತಿನಲ್ಲಿ ಲಕ್ಕಿಯ ದಿನನಿತ್ಯದ ದುಡಿಮೆ ಮರೆಯಾಗಬಾರದು. ನಮ್ಮ ಮನೆಯಲ್ಲಿ ಕೋಳಿ ಕಾವಿಗೆ ಕೂತಾಗ ಬುಟ್ಟಿಯ ತಳಕ್ಕೆ ಒಣಹುಲ್ಲು, ಅದರ ಮೇಲೆ ಲಕ್ಕಿಸೊಪ್ಪು, ಆಮೇಲೆ ಮೊಟ್ಟೆ. ಇಪ್ಪತ್ತೊಂದು ದಿನ ಅಲುಗದೆ ಕೂರುವ ಕೋಳಿಗೆ ಕೋಳಿಹೇನಿನ ಕಾಟ ಬಲು ಜೋರು. ಕಡಿತ ತಾಳಲಾರದೆ ಎದ್ದುಹೋದರೆ ಮೊಟ್ಟೆ ತಣ್ಣಗಾಗಿ ಮರಿಗಳು ಒಳಗೇ ಸಾಯುತ್ತವೆ. ಒಮ್ಮೆ ಆತುರದಲ್ಲಿ ಸೊಪ್ಪು ಹಾಕುವುದು ಮರೆತುಹೋಗಿತ್ತು. ನಾನು ಮೊಟ್ಟೆ ಎಣಿಸಲು ಬುಟ್ಟಿಗೆ ಕೈ ಹಾಕಿದೆ. ಮೊಣಕೈತನಕ ಕಾಣದಷ್ಟು ಸಣ್ಣ ಹೇನುಗಳು ಹರಿದಾಡಿ, ದಿನವಿಡೀ ಮೈ ಕೆರೆದುಕೊಂಡೆ. ಅಜ್ಜಿ ಅವತ್ತೇ ಬುಟ್ಟಿ ಬದಲಿಸಿ ಎರಡು ಪದರ ಸೊಪ್ಪು ಹಾಸಿದಳು. ಕೋಳಿ ನೆಮ್ಮದಿಯಾಗಿ ಕೂತಿತು.

ಕಾಳು ತುಂಬಿದ ಚೀಲ, ಡಬ್ಬಗಳ ನಡುವೆ ಒಣ ಲಕ್ಕಿಎಲೆ ಹಾಕಿದರೆ ಹುಳ ದೂರ ಇರುತ್ತದೆ. ಎಲೆ ಸಂಪೂರ್ಣ ಒಣಗಿರಬೇಕು, ಇಲ್ಲದಿದ್ದರೆ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಕೊಟ್ಟಿಗೆಯಲ್ಲಿ ಸಂಜೆ ಇದರ ಹೊಗೆ ಹಾಕಿದರೆ ಸೊಳ್ಳೆ, ನೊಣ ಸರಿಯುತ್ತವೆ. ಆದರೆ ಬಾಣಂತಿ ಮಗು ಇರುವ ಕೋಣೆ, ಉಬ್ಬಸದವರು ಮಲಗುವ ಕೋಣೆಯಲ್ಲಿ ಹೊಗೆ ಬೇಡ. ಯಾವ ಸೊಪ್ಪಿನದ್ದಾದರೂ ಹೊಗೆ ಹೊಗೆಯೇ. ಸಹಜ ಕೃಷಿಕರು ಹತ್ತು ಬಗೆಯ ಸೊಪ್ಪು ಕೊಳೆಸಿ ಮಾಡುವ ದಶಪರ್ಣಿ ಕಷಾಯದಲ್ಲಿ ಬೇವು, ಹೊಂಗೆ, ಎಕ್ಕಗಳ ಜೊತೆ ಲಕ್ಕಿಗೂ ಜಾಗವಿದೆ. ಗದ್ದೆಗೆ ತುಳಿಯುವ ಹಸಿರೆಲೆ ಗೊಬ್ಬರವಾಗಿಯೂ ಇದು ಬರುತ್ತದೆ.

ಈಗ ಇವೆಲ್ಲವನ್ನೂ ಸಾಲಾಗಿ ಇಟ್ಟು ನೋಡಿ. ಗಿಡ ತನ್ನ ಎಲೆ ಉಳಿಸಿಕೊಳ್ಳಲು ಮಾಡಿಕೊಂಡ ಎಣ್ಣೆಯನ್ನೇ ನಾವು ಕಣಜಕ್ಕೆ, ಕೋಳಿಗೆ, ಪೈರಿಗೆ, ಕಟ್ಟಿದ ಮೂಗಿಗೆ ಎರವಲು ತಂದುಕೊಂಡಿದ್ದೇವೆ. ಮೇಯಲು ಬಂದ ದನ ಹಿಂತಿರುಗುವುದಕ್ಕೂ, ಕಾಳಿನ ಹುಳ ಹತ್ತಿರ ಬಾರದಿರುವುದಕ್ಕೂ ಕಾರಣ ಅದೇ ಘಮ. ಹಳ್ಳಿಗರು ಇದನ್ನು ಬೇಲಿಯಲ್ಲಿ ನೆಟ್ಟದ್ದು ಹಾಗಾಗಿ ಆಕಸ್ಮಿಕವಲ್ಲ. ದನ ತಿನ್ನದ, ಕಡಿದಷ್ಟೂ ಚಿಗುರುವ, ಹಳ್ಳದ ಮಣ್ಣನ್ನು ಬೇರಲ್ಲಿ ಬಿಗಿದಿಡುವ ಗಿಡಕ್ಕಿಂತ ಒಳ್ಳೆಯ ಬೇಲಿ ಯಾವುದಿದೆ? ಮುಳ್ಳುತಂತಿ ದನವನ್ನಷ್ಟೇ ತಡೆಯುತ್ತದೆ. ಜೇನಿಗೆ ಹೂ, ಬಾಣಂತಿಗೆ ಸೊಪ್ಪು ಅದರಲ್ಲಿ ಸಿಗುವುದಿಲ್ಲ.

ಲಕ್ಕಿ ಅಳಿವಿನಂಚಿನ ಗಿಡವಲ್ಲ. ಅದು ಈಗಲೂ ಹಳ್ಳದ ಬದಿಯಲ್ಲಿ ಧಾರಾಳವಾಗಿದೆ. ಕಡಿಮೆಯಾಗುತ್ತಿರುವುದು ಅದನ್ನು ಗುರುತಿಸುವ ಕಣ್ಣು, ಮೂಗು. ನನ್ನ ತಂಗಿ ನಮ್ಮದೇ ಬೇಲಿಯ ಪಕ್ಕ ಆಡಿ ಬೆಳೆದವಳು. ಅವಳಿಗೇ ಎಲೆ ಯಾವುದೆಂದು ಮೊಬೈಲನ್ನು ಕೇಳಬೇಕಾಯಿತು ಎಂಬುದು ನನ್ನನ್ನು ಕಾಡಿತು.

ಇದನ್ನು ಬೆಳೆಸುವುದು ಬಹಳ ಸುಲಭ. ಮುಂಗಾರಿನ ಹದ ಮಳೆ ಬಿದ್ದ ವಾರ ಹೆಬ್ಬೆರಳು ದಪ್ಪದ, ಗೇಣುದ್ದದ ಬಲಿತ ಕಡ್ಡಿ ಕಡಿದು, ಬುಡವನ್ನು ಓರೆಯಾಗಿ ಕೊಯ್ದು, ಮೂರರಲ್ಲಿ ಎರಡು ಪಾಲು ಮಣ್ಣಿಗೆ ಊರಿದರೆ ಸಾಕು. ಬಿಸಿಲು ಬೇಕು, ನೀರು ನಿಲ್ಲಬಾರದು. ಮಹಡಿಯ ದೊಡ್ಡ ಕುಂಡದಲ್ಲೂ ಬರುತ್ತದೆ, ವರ್ಷಕ್ಕೆರಡು ಸಲ ಸವರುತ್ತಿರಬೇಕು ಅಷ್ಟೆ. ಕಳೆದ ವಾರ ಹಳ್ಳದ ಬದಿಯಿಂದ ನಾಲ್ಕು ಕಡ್ಡಿ ಕಡಿದು, ಒದ್ದೆ ಗೋಣಿಯಲ್ಲಿ ಸುತ್ತಿ ಬೆಂಗಳೂರಿನ ಬಸ್ಸಿಗೆ ಹಾಕಿ ಕಳಿಸಿದೆ. ತಂಗಿ ಎರಡನ್ನು ತಾನು ನೆಟ್ಟು, ಎರಡನ್ನು ಪಕ್ಕದ ಮನೆಗೆ ಕೊಟ್ಟಳಂತೆ. “ಅಣ್ಣಾ, ಗೋಣಿ ಬಿಚ್ಚಿದ ಕೂಡಲೇ ಬಚ್ಚಲು ನೆನಪಾಯ್ತು” ಎಂದಳು. ಎಲೆಯ ಗುರುತನ್ನು ನಾನು ಮತ್ತೆ ಹೇಳಬೇಕಾಗಲಿಲ್ಲ.